ವಾಪಸ್ ಬಂದ ನೀರು

ಬಂಡೆ ಹತ್ತುವ ತರಬೇತಿ ಶಿಬಿರಗಳಲ್ಲಿ ನಾನು ಹದಿನೇಳು ವರ್ಷ ಕೆಲಸ ಮಾಡಿದೆ. ಒಂದು ಸಲವೂ ಬಂಡೆ ಹತ್ತಲಿಲ್ಲ. ನನ್ನ ಕೆಲಸ ಕೆಳಗಿತ್ತು. ಹತ್ತುವವರಿಗೆ ದಿನವಿಡೀ ತಿನ್ನಲು ಏನು, ಕುಡಿಯಲು ಏನು, ಯಾವ ಹೊತ್ತಿಗೆ ಎಷ್ಟು ಎಂಬುದನ್ನು ನೋಡಿಕೊಳ್ಳುವುದು. ಹುದ್ದೆಯ ಹೆಸರು ಸ್ಟೋರ್ ಕೀಪರ್. ನಾನು ನಿವೃತ್ತನಾದ ಮೇಲೆ ಆ ಜಾಗಕ್ಕೆ ಇಬ್ಬರು ಹೊಸಬರು ಬಂದಿದ್ದಾರೆ. ಅವರು ಕಲಘಟಗಿಯ ನಮ್ಮ ಮನೆಗೆ ಬಂದು, ಹುಡುಗರಿಗೆ ಏನೇನು ಕೊಡಬೇಕೆಂದು ಒಂದು ಪಟ್ಟಿ ಬರೆದುಕೊಡಿ ಎಂದರು. ಪಟ್ಟಿ ಅರ್ಧ ಪುಟಕ್ಕೆ ಮುಗಿಯುತ್ತದೆ. ಅದು ಹೇಗೆ ತಯಾರಾಯಿತು ಎಂಬುದಕ್ಕೆ ಉಳಿದ ಪುಟಗಳು ಬೇಕಾದವು.

ಶಿಬಿರ ನಡೆಸುವ ಇಲಾಖೆಗೆ ಸೇರುವ ಮೊದಲು ನಾಲ್ಕು ವರ್ಷ ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ವರದಿ ತಿದ್ದುತ್ತಿದ್ದೆ. ಕಂಡದ್ದನ್ನು ಬರೆ, ವೇಳೆ ಹಾಕು, ವಿಶೇಷಣ ತೆಗೆ ಎಂದು ಅಲ್ಲಿ ಕಲಿಸಿದ್ದರು. ಆ ಚಟ ಶಿಬಿರದಲ್ಲೂ ಬಿಡಲಿಲ್ಲ. ಪ್ರತಿ ಶಿಬಿರಕ್ಕೂ ಒಂದು ದಿನಚರಿ ಪುಸ್ತಕ ಇಟ್ಟೆ. ಅದರಲ್ಲಿ ಸುಳ್ಳು ಬರೆದಿಲ್ಲ. ಆದರೆ ನಿಜವನ್ನೇ ಬರೆದು ಒಬ್ಬ ಹುಡುಗಿಯ ಕೊನೆಯ ಅವಕಾಶವನ್ನು ಕಳೆಯುವವನಿದ್ದೆ. ಹೊಸಬರು ಪಟ್ಟಿಗಿಂತ ಮುಖ್ಯವಾಗಿ ತಿಳಿಯಬೇಕಾದದ್ದು ಅದನ್ನು.

ಶಿಬಿರ ನಡೆಯುತ್ತಿದ್ದುದು ದೇವಿಕೊಪ್ಪದ ಆಚೆ, ಕೆಲಸ ನಿಂತುಹೋದ ಒಂದು ಕಲ್ಲಿನ ಖಣಿಯಲ್ಲಿ. 'ಸಾಹಸ ಕ್ರೀಡೆಗೆ ನೈಸರ್ಗಿಕ ತಾಣ' ಎಂದು ಬಾಗಿಲಲ್ಲಿ ಫಲಕ ನಿಲ್ಲಿಸಿದ್ದೆವು. ನಿಸರ್ಗ ಅಲ್ಲಿಂದ ಲಾರಿಯಲ್ಲಿ ಹೋಗಿ ಬಹಳ ವರ್ಷವಾಗಿತ್ತು. ಒಂದು ಕಡೆ ನಲವತ್ತು ಅಡಿಯ ಕಲ್ಲಿನ ಗೋಡೆ, ಮಿಕ್ಕ ಮೂರು ಕಡೆ ಬೋಳು ನೆಲ. ಮರವಿಲ್ಲ, ಪೊದೆಯಿಲ್ಲ. ನಾವು ಕಟ್ಟಿದ ಶಾಮಿಯಾನವೊಂದೇ ನೆರಳು. ನೆರಳಿನಲ್ಲಿ ಕುರ್ಚಿಗಳು, ಕುರ್ಚಿಗಳಲ್ಲಿ ಅಧಿಕಾರಿಗಳು. ಕಾಲೇಜು ಹುಡುಗರಿಗೆ ಒಂದು ವಾರ, ಹುಡುಗಿಯರಿಗೆ ಮುಂದಿನ ವಾರ. ರಾತ್ರಿ ವಾಸ್ತವ್ಯ ದೇವಿಕೊಪ್ಪದ ಶಾಲೆಯಲ್ಲಿ. ಬೆಳಿಗ್ಗೆ ಏಳಕ್ಕೆ ಜೀಪು ಖಣಿಗೆ ಹೋಗುತ್ತಿತ್ತು, ಸಂಜೆ ಐದಕ್ಕೆ ವಾಪಸ್. ಪ್ರತಿ ತಂಡದಿಂದ ಚೆನ್ನಾಗಿ ಹತ್ತಿದ ಇಬ್ಬರನ್ನು ಆರಿಸಿ ಹಿಮಾಲಯದ ತಪ್ಪಲಿನ ಒಂದು ತಿಂಗಳ ತರಬೇತಿಗೆ ಕಳಿಸುತ್ತಿದ್ದರು. ಅದನ್ನು ಮುಗಿಸಿದವರಿಗೆ ಮುಂದೆ ತರಬೇತುದಾರರ ಕೆಲಸ ಸಿಗುತ್ತಿತ್ತು. ಹಾಗಾಗಿ ಆರನೇ ದಿನದ ಆಯ್ಕೆ ಎಲ್ಲರಿಗೂ ಮುಖ್ಯ.

ಮೊದಲ ವರ್ಷದ ಮೊದಲ ತಪ್ಪು ನನ್ನದೇ. ನಮ್ಮ ಕಡೆಯವರಿಗೆ ಹೊರಗಿನ ತಿಂಡಿ ಎಂದರೆ ಒಗ್ಗರಣೆ ಹಾಕಿದ ಚುರುಮುರಿಯ ಗಿರ್ಮಿಟ್ಟು ಮತ್ತು ಮಿರ್ಚಿ ಭಜಿ. ನನಗೂ ಬೇರೆ ಹೊಳೆಯಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಇಪ್ಪತ್ತು ಹುಡುಗರಿಗೂ ಕಾಗದದಲ್ಲಿ ಗಿರ್ಮಿಟ್ಟು ಹಾಕಿ, ಮೇಲೆ ಎರಡೆರಡು ಬಿಸಿ ಮಿರ್ಚಿ ಇಟ್ಟು ಕೊಟ್ಟೆ. ಹತ್ತೂ ಇಪ್ಪತ್ತಕ್ಕೆ ಮೊದಲ ಹುಡುಗ ಹತ್ತಲು ಶುರುಮಾಡಿದ. ಹದಿನೈದು ಅಡಿ ಏರಿದ ಮೇಲೆ ಎಣ್ಣೆಯ ಬೆರಳು ಕಲ್ಲಿನ ಮೇಲೆ ನಿಲ್ಲಲಿಲ್ಲ. ಜಾರಿ ಹಗ್ಗದಲ್ಲಿ ತೂಗಾಡಿದ. ತೂಗಾಡುತ್ತಲೇ ಹಣೆಯ ಬೆವರನ್ನು ಅದೇ ಕೈಯಿಂದ ಒರೆಸಿಕೊಂಡ. ಮೆಣಸಿನಕಾಯಿಯ ಕೈ ಕಣ್ಣಿಗೆ ತಾಗಿತು. ಮುಂದಿನ ಹತ್ತು ನಿಮಿಷ ಖಣಿಯ ತುಂಬ ಅವನ ದನಿಯೇ ಇತ್ತು.

ನಮ್ಮ ತರಬೇತುದಾರ ಬಸವರಾಜ ಅವನನ್ನು ಇಳಿಸಿ, ಕಣ್ಣು ತೊಳೆಸಿ, ನನ್ನ ಹತ್ತಿರ ಬಂದ.

"ಸ್ಟೋರ್ ಸರ್ರ, ಹುಡುಗ್ರಿಗೆ ಏನ್ ತಿನಿಸೀರಿ?"

"ಗಿರ್ಮಿಟ್ಟು, ಮಿರ್ಚಿ."

"ಭಾಳ ಚಲೋ ಆತು. ನಾಳಿಂದ ಕಲ್ಲಿಗೂ ಒಂದೀಟು ಎಣ್ಣಿ ಹಚ್ಚಿಬಿಡ್ರಿ. ಎರಡೂ ಕಡೆ ಸಮ ಆಕ್ಕೈತಿ."

ಶಿಬಿರಾಧಿಕಾರಿ ದೇಸಾಯಿ ಸಾಹೇಬರು ವಿಚಾರಣೆ ನಡೆಸಿದರು. ವಿಚಾರಣೆ ನಡೆಯುವಾಗ ಅವರ ಮುಂದೆಯೂ ಮಿರ್ಚಿ ಇದ್ದವು. ಕೈ ಒರೆಸಿಕೊಳ್ಳಲು ಸಾಕಷ್ಟು ಕಾಗದ ಇಲ್ಲದಿದ್ದುದೇ ಘಟನೆಗೆ ಕಾರಣ ಎಂದು ತೀರ್ಮಾನವಾಗಿ, ಕಾಗದ ತರಿಸಲು ಆದೇಶವಾಯಿತು. ಹತ್ತುವವರಿಗೆ ಕರಿದದ್ದನ್ನು ಕೊಡುವುದನ್ನು ನಾನು ಅಂದೇ ನಿಲ್ಲಿಸಿದೆ. ಶಾಮಿಯಾನದೊಳಗೆ ಅದು ಮುಂದುವರಿಯಿತು. ಅಲ್ಲಿ ಯಾರೂ ಜಾರಿದ ದಾಖಲೆಯಿಲ್ಲ.

ಎರಡನೇ ವರ್ಷ ತಂಬೂರಿನ ಒಬ್ಬ ದೊಡ್ಡ ರೈತರು ಹುಡುಗರಿಗೆಲ್ಲ ತಮ್ಮ ಕಡೆಯಿಂದ ಊಟ ಎಂದರು. ಬೇಡ ಎನ್ನುವ ರೂಢಿ ನಮ್ಮಲ್ಲಿಲ್ಲ. ಮಧ್ಯಾಹ್ನ ಹೋಳಿಗೆ, ತುಪ್ಪ, ಕಟ್ಟಿನ ಸಾರು, ಬದನೆಕಾಯಿ ಎಣಗಾಯಿ ಖಣಿಗೇ ಬಂದವು. ಸಾಕು ಎಂದವನ ಎಲೆಗೆ ಇನ್ನೆರಡು ಬಿದ್ದವು. ಎರಡೂವರೆಗೆ ಮೇಲೇರಿದ ಒಬ್ಬ ಹುಡುಗ ಅರ್ಧದಲ್ಲಿ ದಣಿವಾರಿಸಿಕೊಳ್ಳಲು ಹಗ್ಗಕ್ಕೆ ಒರಗಿದವನು ಹಾಗೇ ನಿದ್ದೆ ಹೋದ. ಬಸವರಾಜ ಕೆಳಗಿನಿಂದ ಮೂರು ಸಲ ಕೂಗಿದ. ಊಟ ಹಾಕಿಸಿದ ಹಿರಿಯರು ಎಲೆ ಅಡಿಕೆ ಮಡಿಸುತ್ತಾ ಅವನನ್ನು ತಡೆದರು. "ಮಲಗಲಿ ಬಿಡ್ರಿ, ತುಂಬಿದ ಹೊಟ್ಟಿ. ಕಲ್ಲೇನ್ ಎದ್ದು ಓಡಿ ಹೋಗತೈತೇನು?"

ಈ ಎರಡು ಪಾಠಗಳ ಮೇಲೆ ಪಟ್ಟಿ ಶುರುವಾಯಿತು. ಅದನ್ನು ಸರಿಮಾಡಿದವರು ಹಸೀನಾಬಿ. ನವಲಗುಂದದಲ್ಲಿ ಹುಟ್ಟಿ, ಮದುವೆಯಾಗಿ ದೇವಿಕೊಪ್ಪಕ್ಕೆ ಬಂದವರು. ಶಿಬಿರದ ಅಡಿಗೆ ಅವರದು. ಶಾಲೆಯ ಅಡಿಗೆಮನೆಯಲ್ಲಿ ಮಾಡಿ ಜೀಪಿನಲ್ಲಿ ಕಳಿಸುತ್ತಿದ್ದರು. ಖಣಿಯನ್ನು ಅವರು ನೋಡಿರಲಿಲ್ಲ. ಆದರೆ ನಾನು ಮೊದಲ ಸಲ ಶೇಂಗಾ ಉಂಡಿ ಹೇಳಿದಾಗ ಅವರು ಕೇಳಿದ್ದು ಕೆಲಸದ ಪ್ರಶ್ನೆ.

"ಒಂದು ಕೈಯಾಗ ಹಗ್ಗ ಹಿಡದಿರತಾರ ಅಂತೀರಿ ಅಣ್ಣಾರ. ಹಂಗಾರ ಉಂಡಿ ಒಂದ ಕೈಲೆ ತಿನ್ನೂವಂಗ ಇರಬೇಕಲ್ರಿ? ದೊಡ್ಡದ ಕಟ್ಟಿದ್ರ ಉದರಿ ಮೈಮ್ಯಾಲ ಬೀಳತೈತಿ."

ಅಂದಿನಿಂದ ಉಂಡಿ ನಿಂಬೆಕಾಯಿಯಷ್ಟು ಸಣ್ಣದಾಯಿತು. ಹುರಿದ ಶೇಂಗಾ, ಬೆಲ್ಲ, ಒಂದು ಚಿಟಿಕೆ ಉಪ್ಪು. ಗಂಟೆಗೊಂದು. ಹನ್ನೊಂದಕ್ಕೆ ಬಾಳೆಹಣ್ಣು. ನಡುನಡುವೆ ಹಿಡಿ ಪುಟಾಣಿ, ಅಂದರೆ ಹುರಿಗಡಲೆ. ಮಧ್ಯಾಹ್ನ ಎರಡೇ ರೊಟ್ಟಿ, ಅದೂ ಮೆತ್ತನೆಯದು, ಮೊಸರಿನ ಜತೆ. ಖಡಕ್ ರೊಟ್ಟಿ ಕೆಡುವುದಿಲ್ಲ, ಹೊರಲು ಹಗುರ, ಆದರೆ ಬಿಸಿಲಲ್ಲಿ ಬಾಯಿಯ ಪಸೆಯನ್ನೆಲ್ಲ ಹೀರುತ್ತದೆ. ಮೂರಕ್ಕೆ ಸವತೆಕಾಯಿ ಅಥವಾ ಕಲ್ಲಂಗಡಿ. ನೀರು ಒಮ್ಮೆಲೇ ಗಟಗಟ ಬೇಡ. ಕಲ್ಲಿನಿಂದ ಇಳಿದಾಗಲೆಲ್ಲ ನಾಲ್ಕು ಗುಟುಕು, ಎರಡು ಸಲಕ್ಕೊಮ್ಮೆ ಉಪ್ಪು, ಸಕ್ಕರೆ, ನಿಂಬೆ ಹಾಕಿದ ನೀರು. ಹೊಸಬರು ಕೇಳಿದ ಪಟ್ಟಿ ಇಷ್ಟೇ.

ಹುಡುಗರ ವಾರದಲ್ಲಿ ಈ ಪಟ್ಟಿ ಗಡಿಯಾರದಂತೆ ನಡೆಯುತ್ತಿತ್ತು. ಬೆಳಿಗ್ಗೆ ಕೊಟ್ಟ ಬಾಟಲಿಗಳು ಹನ್ನೊಂದಕ್ಕೇ ಖಾಲಿ. ಹುಡುಗಿಯರ ವಾರದಲ್ಲಿ ತಿಂಡಿ ಖಾಲಿಯಾಗುತ್ತಿತ್ತು, ನೀರು ಹಾಗೇ ಉಳಿಯುತ್ತಿತ್ತು. ಸಂಜೆ ಇಪ್ಪತ್ತರಲ್ಲಿ ಹದಿನೆಂಟು ಬಾಟಲಿ ತುಂಬಿದ್ದೇ ವಾಪಸ್. ನಾನು ಅದನ್ನು ವೇಳೆ ಸಮೇತ ಬರೆದೆ. ಆರು ವರ್ಷ ಬರೆದೆ. ಪುಸ್ತಕ ಅಷ್ಟು ನಿಖರವಾಗಿರುವುದಕ್ಕೆ ಮೇಲಿನಿಂದ ಒಮ್ಮೆ ಮೆಚ್ಚುಗೆಯ ಪತ್ರವೂ ಬಂತು.

ಸಾಹೇಬರಿಗೆ ಇದು ಗೊತ್ತಿತ್ತು, ಕಾರಣವೂ ಗೊತ್ತಿತ್ತು. "ಹಳ್ಳಿ ಹುಡುಗ್ಯಾರ್ರಿ. ನೀರಡಿಕಿ ತಡಕೊಂಡು ರೂಢಿ ಇರತೈತಿ." ವರದಿಯಲ್ಲಿ ಅದು 'ಗ್ರಾಮೀಣ ಯುವತಿಯರ ಸಹನಶಕ್ತಿ' ಎಂದು ಹೋಯಿತು. ಆದರೆ ಪ್ರತಿ ವರ್ಷ ಸಹನಶಕ್ತಿ ಇದ್ದ ಇಬ್ಬರು ಮೂವರು ಮಧ್ಯಾಹ್ನದ ಹೊತ್ತಿಗೆ ತಲೆಸುತ್ತಿ ಕುಳಿತುಬಿಡುತ್ತಿದ್ದರು. ಆಗ ನೀರಿನ ರುಚಿ ಸರಿಯಿಲ್ಲ ಎಂಬ ಅನುಮಾನ ಬಂತು. ಮೂರು ಬಗೆಯ ಶರಬತ್ತು ತರಿಸಿ, ರುಚಿ ನೋಡಲು ಮೂವರು ಗಂಡಸರ ಸಮಿತಿ ಮಾಡಲಾಯಿತು. ಸಮಿತಿ ಶಾಮಿಯಾನದಲ್ಲಿ ಒಂದು ದಿನ ಪೂರ್ತಿ ಕೂತು, ಮೂರೂ ಚೆನ್ನಾಗಿವೆ, ಇನ್ನೊಮ್ಮೆ ನೋಡಬೇಕಾಗುತ್ತದೆ ಎಂದು ಶಿಫಾರಸು ಮಾಡಿತು.

ಹುಡುಗಿಯರ ಜತೆ ಒಬ್ಬ ಶಿಕ್ಷಕಿ ಇರಬೇಕೆಂಬ ನಿಯಮವಿತ್ತು. ಅವರು ಕಾಗದದ ಮೇಲೆ ತಪ್ಪದೆ ಬರುತ್ತಿದ್ದರು.

ಮೊಬೈಲು ಎಲ್ಲರ ಕೈಗೂ ಬಂದ ಮೇಲೆ ಕೆಲಸದ ರೀತಿ ಬದಲಾಯಿತು. ಪ್ರತಿ ಗಂಟೆಗೊಮ್ಮೆ ಹುಡುಗಿಯರು ನೀರು ಕುಡಿಯುವ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕೆಂದು ಸಾಹೇಬರ ಆದೇಶವಾಯಿತು. ಹುಡುಗಿಯರು ಸಾಲಾಗಿ ನಿಂತು ಬಾಟಲಿ ತುಟಿಗಿಟ್ಟರು, ಫೋಟೊ ಬಂತು, ಮುಚ್ಚಳ ಹಾಕಿಕೊಂಡರು. ಗುಂಪಿನಲ್ಲಿ ಮೇಲಧಿಕಾರಿಗಳು ಹೆಬ್ಬೆರಳು ಎತ್ತಿದರು. ಬಾಟಲಿಯೂ ಖಾಲಿಯಾಗಿರಬೇಕೆಂದು ಎರಡನೇ ಆದೇಶ ಬಂತು. ಮರುದಿನ ಸಂಜೆ ಇಪ್ಪತ್ತೂ ಖಾಲಿ. ಅಂದೇ ಒಡೆದ ಕಲ್ಲಿನ ರಾಶಿಯ ಬುಡದಲ್ಲಿ ನೆಲ ಒದ್ದೆಯಾಗಿದ್ದು, ಅಲ್ಲಿಗೆ ಕಪ್ಪು ಇರುವೆ ಸಾಲುಹಿಡಿದದ್ದನ್ನು ನೋಡಿ ಬರೆದೆ. ಸಾಹೇಬರು ಓದಿ, ಶರಬತ್ತಿಗೆ ಸಕ್ಕರೆ ಜಾಸ್ತಿಯಾಗಿ ಹುಡುಗಿಯರು ಚೆಲ್ಲುತ್ತಿದ್ದಾರೆ, ಬರೀ ಉಪ್ಪು ಹಾಕಿ ಎಂದರು. ಉಪ್ಪು ಹಾಕಿದೆವು. ಮರುದಿನ ಇರುವೆ ಬರಲಿಲ್ಲ. ಸಮಸ್ಯೆ ಬಗೆಹರಿದಿದೆ ಎಂದು ವರದಿ ಹೋಯಿತು.

ಆರನೇ ವರ್ಷ ರೇಣುಕಾ ಬಂದಳು. ನವಲಗುಂದ ತಾಲ್ಲೂಕಿನ ತಿರ್ಲಾಪುರದವಳು, ಬಿ.ಎ. ಕೊನೆಯ ವರ್ಷ. ಶಿಬಿರ ಕಾಲೇಜಿನಲ್ಲಿರುವವರಿಗೆ ಮಾತ್ರ, ಆದ್ದರಿಂದ ಅವಳಿಗೆ ಅದು ಕೊನೆಯ ಸಲ. ಹಿಂದಿನ ವರ್ಷವೂ ಬಂದಿದ್ದಳು, ಮೂರನೆಯವಳಾಗಿ ಉಳಿದಿದ್ದಳು. ಚಿಕ್ಕಂದಿನಿಂದ ಹತ್ತಿ ಬಿಡಿಸಿದ ಬೆರಳುಗಳು, ಕಲ್ಲಿನ ಒಂದು ಗೆರೆ ಸಿಕ್ಕರೂ ಹಿಡಿದು ನಿಲ್ಲುತ್ತಿದ್ದವು. ಯಾರನ್ನೂ ಸುಲಭಕ್ಕೆ ಹೊಗಳದ ಬಸವರಾಜ ಎರಡನೇ ದಿನವೇ, "ಈಕಿ ಹೋಗಲಿಲ್ಲಂದ್ರ ಯಾರೂ ಹೋಗೂದು ಬ್ಯಾಡ" ಎಂದ.

ಮೂರನೇ ದಿನ ಅವಳ ತುಟಿ ಒಣಗಿ ಬಿರಿದದ್ದನ್ನು ಕಂಡು ಕೇಳಿದೆ.

"ನೀರ ಮುಟ್ಟಿಲ್ಲಲ್ಲವಾ?"

"ಸಾಕ್ರಿ ಕಾಕಾ."

"ಬಾಯಿ ಒಣಗೈತಿ."

"ಸಂಜಿಕ ಕುಡೀತೇನ್ರಿ."

'ನೀರು ಬೇಡ ಎಂದಳು, ಹನ್ನೆರಡೂ ಹತ್ತು' ಎಂದು ಬರೆದೆ. ಪತ್ರಿಕೆಯಲ್ಲಿ ನಮ್ಮ ಹಿರಿಯರು, ಮೊದಲ ಪ್ರಶ್ನೆಗೆ ಬಂದ ಉತ್ತರ ಬರೆದುಕೊಂಡು ಎದ್ದು ಬರುವವನನ್ನು ಮತ್ತೆ ಅಲ್ಲಿಗೇ ಅಟ್ಟುತ್ತಿದ್ದರು. ಇಲ್ಲಿ ಅಟ್ಟುವವರು ಯಾರೂ ಇರಲಿಲ್ಲ. ಎರಡನೇ ಪ್ರಶ್ನೆ ನಾನು ಕೇಳಲಿಲ್ಲ.

ಆರನೇ ದಿನ ಆಯ್ಕೆ. ಹನ್ನೊಂದಕ್ಕೆ ಮುಖ್ಯ ಅತಿಥಿಗಳು ಬರುವವರಿದ್ದರು. ಶಾಲೆಯಲ್ಲಿ ಕರಿದು ತಂದ ಭಜಿ ತಣ್ಣಗಾಗುತ್ತದೆ, ಅತಿಥಿಗಳಿಗೆ ಬಿಸಿಯಾಗಿಯೇ ಕೊಡಬೇಕು ಎಂದು ಸಾಹೇಬರು ಹೇಳಿದ್ದರಿಂದ ಹಸೀನಾಬಿಯವರು ಒಲೆ, ಬಾಣಲೆ ಹೊತ್ತುಕೊಂಡು ಬೆಳಿಗ್ಗೆ ಏಳರ ಜೀಪಿನಲ್ಲೇ ಖಣಿಗೆ ಬಂದರು. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಈ ಕಥನದಲ್ಲಿ ಅತಿಥಿಗಳ ಭಜಿಯಿಂದ ಆದ ಒಳ್ಳೆಯದು ಇದೊಂದು.

ಹನ್ನೊಂದಕ್ಕೆ ಅತಿಥಿಗಳು ಬರಲಿಲ್ಲ. ರೇಣುಕಾಳ ಸರದಿ ಬಂತು. ಮೂವತ್ತು ಅಡಿಯವರೆಗೆ ಎಲ್ಲೂ ನಿಲ್ಲದೆ ಏರಿದಳು. ಅಲ್ಲಿ ಎಡಗಾಲಿನ ಮೀನಖಂಡ ಹಿಡಿಯಿತು. ಕೈ ಬಿಡಲಿಲ್ಲ, ಕಾಲು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ತಲೆ ಒಂದು ಬದಿಗೆ ವಾಲಿತು. ಬಸವರಾಜ ನಿಧಾನವಾಗಿ ಹಗ್ಗ ಬಿಟ್ಟು ಇಳಿಸಿದ. ಅವಳನ್ನು ಶಾಮಿಯಾನದ ಅಂಚಿನ ನೆರಳಿನಲ್ಲಿ ಮಲಗಿಸಿದೆವು.

ಸಾಹೇಬರು ನನ್ನನ್ನು ಕರೆದರು.

"ನೀರ ಕೊಟ್ಟಿದ್ರಿಲ್ಲೋ?"

"ಕೊಟ್ಟೇನ್ರಿ."

"ಕುಡಿದಳೋ?"

"ಇಲ್ರಿ."

"ಮತ್ತ ಬರೀರಿ. ನೀರು ಒದಗಿಸಿದ್ದರೂ ಸೂಚನೆ ಪಾಲಿಸದೆ ಕುಡಿಯಲಿಲ್ಲ. ಅಶಿಸ್ತು."

ಪುಸ್ತಕದಲ್ಲಿ ಅಶಿಸ್ತು ಎಂದು ದಾಖಲಾದರೆ ಆಯ್ಕೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಅದು ನಿಯಮ. ನಾನು 'ನೀರು ಒದಗಿಸಿದ್ದರೂ ಕುಡಿಯಲಿಲ್ಲ' ಎಂಬಲ್ಲಿಯವರೆಗೆ ಬರೆದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಕೊನೆಯ ಪದ ಕಣ್ಣಿಗೆ ಕಂಡದ್ದಲ್ಲ, ತೀರ್ಪು ಎಂಬ ಹಳೆಯ ಚಟದಿಂದ ಪೆನ್ನು ನಿಂತಿತು. ಒಳ್ಳೆಯತನದಿಂದ ನಿಲ್ಲಲಿಲ್ಲ.

ಅತ್ತ ಹಸೀನಾಬಿಯವರು ರೇಣುಕಾಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉಪ್ಪು ನಿಂಬೆಯ ನೀರು ಕುಡಿಸಲು ನೋಡುತ್ತಿದ್ದರು. ಎಚ್ಚರವಾಗಿದ್ದ ಹುಡುಗಿ ತುಟಿ ಬಿಗಿಹಿಡಿದಿದ್ದಳು. ಇಬ್ಬರ ನಡುವೆ ಏನೋ ಮಾತಾಯಿತು. ಹಸೀನಾಬಿಯವರು ಎದ್ದು ನನ್ನ ಮೇಜಿಗೆ ಬಂದರು.

"ಅಣ್ಣಾರ, ನಾ ಮುಂಜಾನಿ ಏಳಕ್ಕ ಬಂದೇನಿ. ಈಗ ಹನ್ನೊಂದೂವರಿ. ನಾ ಎಲ್ಲೆ ಹೋಗಲಿ?"

"ಎಲ್ಲಿಗೆ?"

ಅವರು ಒಡೆದ ಕಲ್ಲಿನ ರಾಶಿಯತ್ತ ಕೈ ತೋರಿಸಿದರು.

"ಗಂಡಸರು ಅಕಾ ಆ ಕಲ್ಲಿನ ಬಾಜೂಕ ನಿಂತು ಬರಾಕತ್ತಾರ. ನಾ ಎಲ್ಲೆ ಹೋಗಲಿ ಅಂತ ಕೇಳಾಕತ್ತೇನಿ."

ನಾನು ಖಣಿಯನ್ನು ಸುತ್ತ ನೋಡಿದೆ. ಆರು ವರ್ಷದಿಂದ ನೋಡುತ್ತಿದ್ದ ಜಾಗ. ಮೂರು ಕಡೆ ಬೋಳು. ನಾಲ್ಕನೆಯ ಕಡೆ ಗೋಡೆಯ ನೆತ್ತಿಯಲ್ಲಿ ಹಗ್ಗ ಕಾಯುವ ಇಬ್ಬರು ಗಂಡಸರು ಕೂತಿದ್ದರು. ಅಲ್ಲಿಂದ ಖಣಿಯ ಇಂಚಿಂಚೂ ಕಾಣುತ್ತಿತ್ತು.

"ಈ ಹುಡುಗ್ಯಾರು ಆರು ದಿನಾ ಎಲ್ಲೆ ಹೋಗ್ಯಾರ, ಕೇಳೀರೇನು?"

"ಇಲ್ಲ."

"ಹೋಗೇ ಇಲ್ಲ. ಮುಂಜಾನಿ ಚಾ ಸೈತ ಕುಡಿಯಂಗಿಲ್ಲಂತ. ಸಂಜಿಕ ಊರಾಗಿನ ಸಾಲಿಗೆ ಬಂದಕೂಡ್ಲೆ ಎಲ್ಲಾರೂ ಒಳಗ ಓಡತಾರ. ನಾ ದಿನಾ ನೋಡತೇನಿ. ನೀರಡಿಸಿ ಓಡತಾರ ಅಂದ್ಕೊಂಡಿದ್ದೆ. ನಾನೂ ಕೇಳಿಲ್ಲ, ನೀವೂ ಕೇಳಿಲ್ಲ."

ನಾನು ರೇಣುಕಾಳ ಹತ್ತಿರ ಹೋಗಿ ಕೂತೆ. ಹೇಳಬಹುದಿತ್ತಲ್ಲವಾ ಎಂದೆ. ಅವಳು ಕಣ್ಣು ತೆರೆಯದೆಯೇ ಉತ್ತರಿಸಿದಳು.

"ಯಾರಿಗೆ ಹೇಳಬೇಕ್ರಿ ಕಾಕಾ? ಹೊಲದಾಗಾದ್ರ ಹತ್ತಿಗಿಡಾ ಎದಿಮಟ ಇರತಾವು. ಇಲ್ಲೆ ಬರೇ ಕಲ್ಲು. ಫೋಟೊ ತಗ್ಯಾವ್ರಿಗೆ ಹೇಳಬೇಕಿತ್ತೇನು?"

ಹಸೀನಾಬಿಯವರು ಚರ್ಚೆಗೆ ನಿಲ್ಲಲಿಲ್ಲ. ಅತಿಥಿಗಳ ಕುರ್ಚಿಯ ಕೆಳಗೆ ನವಿಲಿನ ಚಿತ್ತಾರವಿದ್ದ ನವಲಗುಂದದ ಜಮಖಾನ ಹಾಸಿತ್ತು. ಕುರ್ಚಿಗಳನ್ನು ಒಂದೊಂದಾಗಿ ಸರಿಸಿ ಅದನ್ನು ಸುತ್ತತೊಡಗಿದರು. ಬಸವರಾಜ ಏನೂ ಕೇಳದೆ ಶಾಮಿಯಾನದ ಹೆಚ್ಚುವರಿ ಗಳ ನಾಲ್ಕು ತಂದ. ಸಾಹೇಬರು ಎದ್ದು ನಿಂತರು.

"ಏನ್ ನಡಿಸೀರಿ ಇದು? ಅತಿಥಿಗಳು ಬರೂ ಹೊತ್ತಾತು. ಜಮಖಾನಿ ಎಲ್ಲೆ ಒಯ್ಯಾಕತ್ತೀರಿ?"

"ಹೆಣ್ಮಕ್ಕಳಿಗೆ ಪಡದಿ ಕಟ್ಟಾಕ್ರಿ ಸಾಹೇಬ್ರ" ಎಂದರು ಹಸೀನಾಬಿಯವರು.

"ಸೀರಿನೋ ಬೆಡ್‌ಶೀಟೋ ಕಟ್ರಿ. ಇದ ಯಾಕ?"

"ಅವು ಗಾಳಿಗೆ ಹಾರತಾವ್ರಿ. ನಮ್ಮವ್ವ ಇದನ್ನ ನೇಯತಿದ್ಲು. ಇದು ಎಷ್ಟ ತೂಕ ಅಂತ ನನಗ ಗೊತ್ತೈತಿ."

"ಅತಿಥಿಗಳು ಬ್ಯಾರೆ ಎಲ್ಲೆ ಕಾಲಿಡಬೇಕು?"

"ನೆಲದ ಮ್ಯಾಲ್ರಿ. ನಾವೆಲ್ಲಾ ಅಲ್ಲೇ ಇಟ್ಟೇವಿ."

ಒಡೆದ ಕಲ್ಲಿನ ರಾಶಿಯ ಮಗ್ಗುಲಲ್ಲಿ ಗಳ ನೆಟ್ಟು, ಜಮಖಾನ ಬಿಗಿದು, ಮೇಲಿನಿಂದ ಕಾಣದಂತೆ ಒಂದು ತಾಡಪಾಲು ಹೊದಿಸಿ, ಒಳಗೆ ಒಂದು ಬಕೆಟ್ ನೀರು, ಒಂದು ತಂಬಿಗೆ ಇಟ್ಟರು. ಇಪ್ಪತ್ತು ನಿಮಿಷದ ಕೆಲಸ. ಆರು ವರ್ಷ ಆಗದೆ ಉಳಿದದ್ದು ಇಷ್ಟು. ಹುಡುಗಿಯರು ಮೊದಲು ಒಬ್ಬರ ಮುಖ ಒಬ್ಬರು ನೋಡಿದರು. ಹಸೀನಾಬಿಯವರು ತಾವೇ ಮೊದಲು ಹೋಗಿ ಬಂದರು. ಆಮೇಲೆ ಸಾಲು ನಿಂತಿತು.

ಸಾಲು ಮುಗಿದ ಮೇಲೆ ಹುಡುಗಿಯರು ನೀರಿಗೆ ಬಂದರು. ಹನ್ನೆರಡೂವರೆಗೆ ಇಪ್ಪತ್ತು ಬಾಟಲಿಯೂ ಖಾಲಿ, ಡ್ರಮ್ಮೂ ಖಾಲಿ. ಹುಡುಗಿಯರ ವಾರದಲ್ಲಿ ನನ್ನ ಬಳಿ ನೀರು ಸಾಲದೆ ಹೋದದ್ದು ಅದೇ ಮೊದಲು. ಜೀಪನ್ನು ದೇವಿಕೊಪ್ಪಕ್ಕೆ ಓಡಿಸಿ, ಅದು ಬರುವವರೆಗೆ ಅತಿಥಿಗಳಿಗೆಂದು ತರಿಸಿದ್ದ ಸೀಲ್ ಮಾಡಿದ ಬಾಟಲಿಗಳ ಪೆಟ್ಟಿಗೆ ಒಡೆದೆ. ಸಾಹೇಬರು ಬೇಡವೆನ್ನಲು ಬಾಯಿ ತೆರೆದರು. ಬಸವರಾಜ ಸಮಾಧಾನ ಹೇಳಿದ. "ಅತಿಥಿಗಳಿಗೆ ಅಷ್ಟೇನ್ ನೀರಡಿಕಿ ಇರಂಗಿಲ್ರಿ ಸಾಹೇಬ್ರ. ಎಸಿ ಗಾಡ್ಯಾಗ ಬರತಾರ."

ಈಗ ಪುಸ್ತಕದ ಪುಟ ಉಳಿದಿತ್ತು. ಅರ್ಧ ಬರೆದ ವಾಕ್ಯ ಹಾಗೇ ಇತ್ತು. ಹೊಡೆದು ಹಾಕುವುದು ನನ್ನ ರೀತಿಯಲ್ಲ. ಬಸವರಾಜನಿಗೆ ನಿಯಮಗಳು ಬಾಯಿಪಾಠ. ಅಭ್ಯರ್ಥಿಯ ಅಶಿಸ್ತಿನಿಂದ ಬಿದ್ದರೆ ಹೆಸರು ಹೋಗುತ್ತದೆ, ಸಿಬ್ಬಂದಿಯ ಲೋಪದಿಂದ ಬಿದ್ದರೆ ಅದೇ ದಿನ ಇನ್ನೊಂದು ಅವಕಾಶ ಕೊಡಬೇಕು ಎಂದು ಅವನು ನೆನಪಿಸಿದ. ಲೋಪ ಯಾರದೆಂದು ಹುಡುಕಲು ನಾನು ದೂರ ಹೋಗಬೇಕಿರಲಿಲ್ಲ. ಆ ವಾಕ್ಯದ ಕೆಳಗೆ ಹೀಗೆ ಬರೆದೆ: 'ಕುಡಿಯದಿರಲು ಕಾರಣ, ಖಣಿಯಲ್ಲಿ ಹೆಣ್ಣುಮಕ್ಕಳಿಗೆ ಮೂತ್ರಕ್ಕೆ ಹೋಗಲು ಸ್ಥಳವಿಲ್ಲ. ಆರು ವರ್ಷದಿಂದ ನೀರು ವಾಪಸ್ ಬರುತ್ತಿದ್ದರೂ ಕಾರಣ ಕೇಳದಿದ್ದುದು ಸ್ಟೋರ್ ಕೀಪರನ ಲೋಪ.'

ಸಾಹೇಬರು ಓದಿದರು.

"ನಿಮ್ಮ ಮ್ಯಾಲ ನೀವೇ ಬರಕೊಂಡೀರಲ್ರಿ?"

"ಹೌದ್ರಿ."

"ನನ್ನ ಹೆಸರು ಎಲ್ಲೂ ಇಲ್ಲಲಾ?"

"ಇಲ್ರಿ."

ಅವರು ಇನ್ನೊಮ್ಮೆ, ಬೆರಳಿಟ್ಟುಕೊಂಡು ಓದಿದರು. ಆಮೇಲೆ ಸಹಿ ಹಾಕಿದರು. ನನ್ನ ಹದಿನೇಳು ವರ್ಷಗಳಲ್ಲಿ ಇಷ್ಟು ಬೇಗ ಸಹಿಯಾದ ಕಾಗದ ಬೇರೊಂದಿಲ್ಲ. ಎರಡು ತಿಂಗಳ ನಂತರ ನನಗೆ ನೋಟಿಸು ಬಂತು, ಒಂದು ವರ್ಷದ ವೇತನ ಬಡ್ತಿ ನಿಂತಿತು. ಲೋಪ ನಿಜವಾಗಿತ್ತು, ತಕರಾರು ಮಾಡಲಿಲ್ಲ. ಶರಬತ್ತಿನ ಸಮಿತಿಗೆ ನೋಟಿಸು ಬರಲಿಲ್ಲ ಎಂಬುದನ್ನು ಮಾತ್ರ ದಾಖಲಿಸುತ್ತೇನೆ.

ಸಹಿಯಾದ ಮಾತ್ರಕ್ಕೆ ಕಾಲು ಸರಿಯಾಗುವುದಿಲ್ಲ. "ನಾಲ್ಕಕ್ಕ ನೋಡೂಣು. ಕಾಲು ಗಟ್ಟಿ ನಿಂತ್ರ ಹತ್ತಿಸ್ತೇನಿ, ಇಲ್ಲಂದ್ರ ಇಲ್ಲ" ಎಂದ ಬಸವರಾಜ. ನಾಲ್ಕು ಗಂಟೆ ನಮ್ಮ ಕೈಯಲ್ಲಿತ್ತು. ಅಂದು ರೇಣುಕಾಳಿಗೆ ಕೊಟ್ಟದ್ದನ್ನು ಹೊಸಬರು ಬರೆದಿಟ್ಟುಕೊಳ್ಳಲಿ. ಹನ್ನೆರಡರಿಂದ ಒಂದರವರೆಗೆ ಐದೈದು ನಿಮಿಷಕ್ಕೆ ಎರಡೇ ಗುಟುಕು, ಉಪ್ಪು ಸಕ್ಕರೆ ನಿಂಬೆಯ ನೀರು. ಅವಳು ತಂಬಿಗೆ ಕಸಿದುಕೊಳ್ಳಲು ಬಂದಳು, ಹಸೀನಾಬಿಯವರು ಬಿಡಲಿಲ್ಲ. "ತಡಿಯವಾ, ಒಮ್ಮಿಗೇ ಕುಡಿದ್ರ ಹೊಟ್ಟ್ಯಾಗ ನಿಂದರಂಗಿಲ್ಲ." ಒಂದಕ್ಕೆ ಅರ್ಧ ಬಾಳೆಹಣ್ಣು. ಒಂದೂವರೆಗೆ ಉಳಿದರ್ಧ. ಎರಡಕ್ಕೆ ಮೊಸರು, ಕಾಲು ರೊಟ್ಟಿ. ಮೂರಕ್ಕೆ ಸವತೆಕಾಯಿ. ಮೂರೂವರೆಗೆ ಒಂದು ಉಂಡಿ. ನಡುವೆ ಅವಳು ಮೂರು ಸಲ ಪಡದೆಯ ಹಿಂದೆ ಹೋಗಿ ಬಂದಳು. ಆರು ದಿನಗಳಲ್ಲಿ ನಾನು ಕಂಡ ಒಳ್ಳೆಯ ಲಕ್ಷಣ ಅದೊಂದೇ.

ಹನ್ನೊಂದಕ್ಕೆ ಬರಬೇಕಿದ್ದ ಅತಿಥಿಗಳು ಮೂರೂಮುಕ್ಕಾಲಿಗೆ ಬಂದರು. ಬರಿ ನೆಲದ ಮೇಲೆ ಕಾಲಿಟ್ಟು ಕೂತರು, ಬಿಸಿ ಭಜಿ ತಿಂದರು. ದೂರದಲ್ಲಿ ನವಿಲುಗಳಿದ್ದ ಪಡದೆ ನೋಡಿ ಅದೇನು ಎಂದು ಕೇಳಿದರು.

"ಹೆಣ್ಮಕ್ಕಳ ಅನುಕೂಲಕ್ಕ ಈ ವರ್ಷದಿಂದ ನಾವು ಹೊಸಾ ವ್ಯವಸ್ಥಾ ಮಾಡೇವ್ರಿ" ಎಂದರು ಸಾಹೇಬರು.

ಅತಿಥಿಗಳು ಭಜಿಯ ತಟ್ಟೆ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಹಸೀನಾಬಿಯವರು ಬಾಣಲೆಯಲ್ಲಿ ಇನ್ನೊಂದು ಸುತ್ತು ಬಿಟ್ಟರು.

ನಾಲ್ಕೂ ಹತ್ತಕ್ಕೆ ಬಸವರಾಜ ರೇಣುಕಾಳನ್ನು ಒಂಟಿಗಾಲಲ್ಲಿ ನಿಲ್ಲಿಸಿ ನೋಡಿದ. ಮೊದಲು ಬಲಗಾಲು, ಆಮೇಲೆ ಎಡಗಾಲು. ತಲೆಯಾಡಿಸಿ ಹಗ್ಗ ಕಟ್ಟಿದ. ಅವಳು ಏರಿದಳು. ಬೆಳಗಿನಷ್ಟು ವೇಗವಿರಲಿಲ್ಲ. ಮೂವತ್ತು ಅಡಿಯಲ್ಲಿ, ಕಾಲು ಹಿಡಿದಿದ್ದ ಅದೇ ಜಾಗದಲ್ಲಿ, ನಿಂತಳು. ಅವಳು ಎಡಗಾಲನ್ನು ಕಲ್ಲಿನಿಂದ ತೆಗೆದು ಎರಡು ಸಲ ಜಾಡಿಸಿ, ಮತ್ತೆ ಇಟ್ಟು, ಅದರ ಮೇಲೆ ಭಾರ ಹಾಕಿದಳು. ಕಾಲು ನಿಂತಿತು. ಮಿಕ್ಕ ಹತ್ತು ಅಡಿಗೆ ಎರಡು ನಿಮಿಷ. ತುದಿಯ ಕಲ್ಲನ್ನು ಅಂಗೈಯಿಂದ ಬಡಿದಳು.

ಇಳಿದ ಮೇಲೆ ಆಯ್ಕೆಯಾದವರು ಅತಿಥಿಗಳ ಎದುರು ಪಟ್ಟಿಗೆ ಸಹಿ ಮಾಡುವ ಕ್ರಮವಿತ್ತು. ಬಸವರಾಜ ಪಟ್ಟಿಯಲ್ಲಿ ಅವಳ ಹೆಸರು ಬರೆದ. ಸಾಹೇಬರು ಪೆನ್ನು ಹಿಡಿದು ನಿಂತರು. ಅತಿಥಿಗಳು ಎದ್ದು ಅಂಗಿ ಸರಿಮಾಡಿಕೊಂಡರು. ಮೂರು ಮೊಬೈಲುಗಳು ಮೇಲೆದ್ದವು. ರೇಣುಕಾ ಸೊಂಟದ ಹಗ್ಗ ಬಿಚ್ಚಿ, ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ಅರ್ಧ ಕುಡಿದಳು.

"ಒಂದ ಮಿನಿಟ್ರಿ ಸರ್ರ" ಎಂದು ಹೇಳಿ, ಖಣಿಯನ್ನು ಅಡ್ಡ ದಾಟಿ ಪಡದೆಯ ಕಡೆಗೆ ನಡೆದಳು.

ಪೆನ್ನು ಹಾಗೇ ಇತ್ತು. ಮೊಬೈಲುಗಳು ಹಾಗೇ ಇದ್ದವು. ಅತಿಥಿಗಳು ಗಡಿಯಾರ ನೋಡಿದರು.

"ಎಲ್ಲಿ ಹೋದರು ಅವರು?"

ಹೊಸ ವ್ಯವಸ್ಥೆಯನ್ನು ಆಗಷ್ಟೇ ವಿವರಿಸಿದ್ದ ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಹಸೀನಾಬಿಯವರು ಒಲೆಯ ಹತ್ತಿರದಿಂದಲೇ ಹೇಳಿದರು.

"ಬರತಾಳ್ರಿ. ಕುಂದರ್ರಿ."

ಅತಿಥಿಗಳು ಕೂತರು. ಸಾಹೇಬರೂ ಕೂತರು. ಎಲ್ಲರೂ ಕಾದರು. ರೇಣುಕಾ ಆತುರವಿಲ್ಲದೆ, ಒದ್ದೆ ಕೈಗಳನ್ನು ದುಪಟ್ಟಾಕ್ಕೆ ಒರೆಸಿಕೊಳ್ಳುತ್ತಾ ಬಂದು, ಎಲ್ಲಿ ಸಹಿ ಮಾಡಬೇಕೆಂದು ಕೇಳಿದಳು.